ಮರ ಕೊಯ್ದಂಥ ಸದ್ದು

ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಗುಟ್ಟು ಮಾತಾಡುವುದಿಲ್ಲ. ಆಡಿದರೂ ಕೇಳಿಸುವುದಿಲ್ಲ. ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯದೇನೂ ತಕರಾರಿಲ್ಲ. ಸೌದೆ ನೆನೆಯಬಾರದೆಂದು ಅಡುಗೆಮನೆಗೆ ಒತ್ತಿಕೊಂಡು ಇಳಿಸಿದ ತಗಡಿನ ಚಪ್ಪರವಿದೆಯಲ್ಲ, ಗದ್ದಲವೆಲ್ಲ ಅದರದು. ಜೂನ್‌ನಲ್ಲಿ ಬಡಿಯಲು ಶುರುವಿಟ್ಟರೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಉಪ್ಪು ಕೇಳಿದರೆ ಸೊಪ್ಪು ಬರುತ್ತದೆ. ಇಂಥ ಮನೆಗೆ 2025ರ ಜುಲೈ ಕೊನೆಯ ವಾರ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಆಟಿ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ಉಂಡೇ ಹೊರಡುವುದೆಂದು ಅವನ ಲೆಕ್ಕ. ಒಂದು ಬೆಳಿಗ್ಗೆ ಕಪ್ಪು ಅಂಗಿ ತೊಟ್ಟು, ಮುಖ ಸಣ್ಣದು ಮಾಡಿಕೊಂಡು ಜಗಲಿಯಲ್ಲಿ ಕುಳಿತಿದ್ದ. ಏನೆಂದು ಕೇಳಿದೆ.

"ಆಝಿ ತೀರಿಕೊಂಡರು ಮಾವ."

ನನಗೆ ಕೇಳಿಸಿದ್ದು "ಅಜ್ಜಿ ತೀರಿಕೊಂಡರು" ಎಂದು. ಅವನ ಅಜ್ಜಿ ಎಂದರೆ ನನ್ನ ಅಮ್ಮ. ಕಾಫಿ ಲೋಟ ಅಲ್ಲೇ ಬಿಟ್ಟು ಒಳಗೆ ಓಡಿದರೆ ಅಮ್ಮ ಒಲೆಯ ಮುಂದೆ ಕುಳಿತು ಕಣಿಲೆ, ಅಂದರೆ ಎಳೆ ಬಿದಿರು, ಹೆಚ್ಚುತ್ತಿದ್ದರು. ನನ್ನ ಮುಖ ನೋಡಿ, "ಯಾಕೆ, ಯಾರು ಹೋದರು?" ಎಂದರು. ಯಾರೋ ಹೋಗಿದ್ದಾರೆಂಬುದು ಅವರಿಗೆ ತಿಳಿದೇಹೋಯಿತು. ವಿಷಯ ಹೇಳಿದ ಮೇಲೆ ಮೊಮ್ಮಗನನ್ನು ಕರೆದು, ಸೂತಕ ಎಷ್ಟು ದಿನ ಎಂದು ವಿಚಾರಿಸಿದರು.

ಹೋದವರು ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತದ ಬ್ಲ್ಯಾಕ್ ಸಬ್ಬತ್ ತಂಡದ ಗಾಯಕ ಆಝಿ ಆಸ್ಬರ್ನ್. ಜುಲೈ 22ರಂದು, 76ನೆಯ ವಯಸ್ಸಿನಲ್ಲಿ. ಅದಕ್ಕೆ ಹದಿನೇಳು ದಿನ ಮೊದಲು, ಜುಲೈ 5ರಂದು, ಹುಟ್ಟಿ ಬೆಳೆದ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಿಂಹಾಸನದಂಥ ಕುರ್ಚಿಯ ಮೇಲೆ ಕುಳಿತು, ಹಳೆಯ ಮೂವರು ಜೊತೆಗಾರರೊಂದಿಗೆ ಹಾಡಿದ್ದರು. ಎದ್ದು ನಿಲ್ಲುವ ತ್ರಾಣ ಇರಲಿಲ್ಲ. ಕೊನೆಗೆ ಹಾಡಿದ್ದು 'ಪ್ಯಾರನಾಯ್ಡ್'. ಅದನ್ನೇ ಹುಡುಗ ನನಗೆ ಕೇಳಿಸಬೇಕೆಂದು ಹಟ ಹಿಡಿದ. ಎರಡು ದಿನದಿಂದ ಕರೆಂಟಿಲ್ಲ. ಮೊಬೈಲಿನಲ್ಲಿ ಚಾರ್ಜು ಕಾಲುಭಾಗ ಉಳಿದಿತ್ತು. ಅದನ್ನು ಸತ್ತವರಿಗೆ ಸಲ್ಲಿಸಲು ಅವನು ಸಿದ್ಧನಿದ್ದ.

ಹೆವಿ ಮೆಟಲ್ ಎಂದರೆ ನನಗೆ ಅಷ್ಟಕ್ಕಷ್ಟೆ. 2007ರಲ್ಲಿ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಲ್ಲಿಂದ ರಾತ್ರಿ ಬಸ್ಸು ಹತ್ತಿ ಹೋದ ಪರಿಚಯದ ಹುಡುಗನೊಬ್ಬ ಮೂರು ದಿನ ಗಂಟಲು ಕಟ್ಟಿಕೊಂಡು ಕೈಸನ್ನೆಯಲ್ಲೇ ಸಂಸಾರ ನಡೆಸಿದ್ದನ್ನು ಕಂಡಿದ್ದೆ. ಗದ್ದಲಕ್ಕೆ ದುಡ್ಡು ಕೊಟ್ಟು ಹೋಗುವುದೇ ಎಂದು ಆಗ ನಾನೂ ನಕ್ಕಿದ್ದೆ. ನಗಲು ನನಗೇನು ಹಕ್ಕಿತ್ತೋ ತಿಳಿಯದು. ಮಡಿಕೇರಿ ದಸರೆಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಸಾಲಾಗಿ ಹೊರಟು, ಒಂದೊಂದರಲ್ಲೂ ಒಬ್ಬ ರಾಕ್ಷಸ ಧ್ವನಿವರ್ಧಕದಲ್ಲಿ ಗಹಗಹಿಸುತ್ತ ಸಂಹಾರವಾಗುವಾಗ ಪೇಟೆಯ ಕಿಟಕಿ ಗಾಜು ಅದುರುತ್ತದೆ. ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳಗಿನ ಜಾವದವರೆಗೆ ನಿಂತು ನೋಡುತ್ತೇವೆ. ಮದುವೆಯಲ್ಲಿ ವಾಲಗದ ಮಟ್ಟು ಕಿವಿಗೆ ಬಿದ್ದರಂತೂ ಮಂಡಿನೋವಿನವರ ಕಾಲೂ ಹೇಳದೆ ಕೇಳದೆ ಏಳುತ್ತದೆ. ನಮ್ಮದು ಮೇಳ, ಕಂಡವರದು ಗದ್ದಲ.

ಹಾಡು ಹಚ್ಚುವ ಮೊದಲು ಹುಡುಗ ಅದರ ಜಾತಕ ಹೇಳಿದ. ನನಗೆ ಹಿಡಿಸಿದ್ದು ಅದು. 1970ರಲ್ಲಿ ತಂಡದ ಎರಡನೆಯ ಆಲ್ಬಮ್ ಮುಗಿಯುತ್ತ ಬಂದಿತ್ತು, ಆದರೆ ಒಂದೆರಡು ನಿಮಿಷ ಕಡಿಮೆ ಬಿತ್ತು. ಜಾಗ ತುಂಬಿಸಲು ಏನಾದರೂ ಬೇಕು ಎಂದರು. ಉಳಿದವರು ಊಟಕ್ಕೆ ಎದ್ದುಹೋದಾಗ ಗಿಟಾರಿನ ಟೋನಿ ಅಯೋಮಿ ಒಬ್ಬರೇ ಕುಳಿತು ಒಂದು ಮಟ್ಟು ಹುಡುಕಿದರಂತೆ. ಉಳಿದವರು ಉಂಡು ಬಂದರು, ಬೇಸ್ ನುಡಿಸುವ ಗೀಝರ್ ಬಟ್ಲರ್ ಸಾಹಿತ್ಯ ಗೀಚಿದರು, ಹಾಡಾಯಿತು. ಇದು ಲೆಡ್ ಝೆಪ್ಪೆಲಿನ್ ತಂಡದ ಹಾಡಿನ ಹಾಗಿದೆಯಲ್ಲ ಎಂದು ಬಟ್ಲರ್ ಹಿಂಜರಿದದ್ದೂ ಉಂಟು. ಮೂರು ನಿಮಿಷವೂ ತುಂಬದ ಹಾಡು. ಮನಸ್ಸು ಕುಸಿದವನೊಬ್ಬನ ಅಳಲು. 'ಪ್ಯಾರನಾಯ್ಡ್' ಎಂಬ ಪದ ಮಾತ್ರ ಅದರೊಳಗೆ ಎಲ್ಲೂ ಬರುವುದಿಲ್ಲ. ನಮ್ಮಲ್ಲಿ ಕೆಲವು ಬಾಣೆಗಳಿಗೆ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಾಗಗಳಿಗೆ, ಯಾವುದೋ ಮನೆತನದ ಹೆಸರಿರುತ್ತದೆ, ಹುಡುಕಿಕೊಂಡು ಹೋದರೆ ಆ ಮನೆಯವರು ಒಬ್ಬರೂ ಸಿಗುವುದಿಲ್ಲ, ಹಾಗೆ.

ಈ ಜಾತಕ ಕೇಳುವಾಗ ನನ್ನ ಕಣ್ಣು ಅಂಗಳದಾಚೆಯ ಮೆಣಸಿನ ಬಳ್ಳಿಯ ಮೇಲಿತ್ತು. ಅಪ್ಪ ಕಾಫಿಯ ನೆರಳಿಗೆಂದು ಸಿಲ್ವರ್ ಮರ ನೆಟ್ಟವರು. ಮರ ಬೋಳಾಗಿ ನಿಂತಿದೆಯಲ್ಲ ಎಂದು ಒಂದು ಮಳೆಗಾಲದಲ್ಲಿ ಬುಡಕ್ಕೊಂದು ಬಳ್ಳಿ ಊರಿಸಿದರು. ಕಾಫಿಗೆ ಗೊಬ್ಬರ, ಕಾಫಿಗೆ ಕಸಿ, ಕಾಫಿಯ ಹೂಮಳೆಗಾಗಿ ದೇವರಿಗೆ ಹರಕೆ. ಬಳ್ಳಿಯನ್ನು ಯಾರೂ ಮಾತಾಡಿಸಿದ್ದಿಲ್ಲ. 2014-15ರ ಸುಮಾರಿಗೆ ಮೆಣಸು ಕಿಲೋಗೆ 600 ರೂಪಾಯಿ ದಾಟಿದಾಗ ನಮ್ಮ ಸಾಲ ತೀರಿಸಿದ್ದು, ಮನೆಗೆ ಹೊಸ ಹೆಂಚು ಹೊದಿಸಿದ್ದು ಆ ಬಳ್ಳಿ. ಅಪ್ಪ ಮಾತ್ರ ಕೊನೆಯವರೆಗೂ ಯಾರಾದರೂ ಕೇಳಿದರೆ "ನಮ್ಮದು ಕಾಫಿ ತೋಟ" ಎಂದೇ ಹೇಳುತ್ತಿದ್ದರು.

ತಂಡದವರ ಕಥೆಯೂ ಸುಮಾರು ಇದೇ. ಏಳು ಇಂಚಿನ ಸಣ್ಣ ರೆಕಾರ್ಡು, ಅಂದರೆ ಸಿಂಗಲ್, ಆಲ್ಬಮ್ಮಿಗಿಂತ ಮೊದಲೇ ಪೇಟೆಗೆ ಹೋಗಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ 61. ಆಲ್ಬಮ್ಮಿಗೆ ಮೊದಲು 'ವಾರ್ ಪಿಗ್ಸ್' ಎಂದು ಹೆಸರಿಡುವುದೆಂದಿತ್ತು. ಹಾಡು ಗೆದ್ದ ಮೇಲೆ ಕಂಪನಿಯವರು ಆಲ್ಬಮ್ಮಿಗೂ ಅದರ ಹೆಸರನ್ನೇ ಇಟ್ಟುಬಿಟ್ಟರು. ರಕ್ಷಾಪುಟದ ಚಿತ್ರವನ್ನು ಬದಲಿಸಲಿಲ್ಲ. ಹಾಗಾಗಿ ಯುದ್ಧಕ್ಕೆಂದು ಕತ್ತಿ ಗುರಾಣಿ ಹಿಡಿದು ಹೊರಟ ಮನುಷ್ಯ ಇವತ್ತಿಗೂ ಏಕೆಂದು ತಿಳಿಯದೆ ಅಲ್ಲೇ ನಿಂತಿದ್ದಾನೆ. ಹೊಸ ಅಕ್ಕಿಯ ಹುತ್ತರಿ ಹಬ್ಬದ ಬ್ಯಾನರಿನಲ್ಲಿ ಆಯುಧಪೂಜೆಯ ಕೈಲ್ ಮುಹೂರ್ತದ ಕೋವಿ ಉಳಿದುಹೋದ ಹಾಗೆ. ಆ ಸೆಪ್ಟೆಂಬರಿನಲ್ಲಿ ಹೊರಬಂದ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಟೆಲಿವಿಷನ್ನಿನಲ್ಲೂ ಹಾಡು ಬಂತು. ಕಿರುಚುವ ಎಳೆಯರು ಸಭಾಂಗಣಕ್ಕೆ ನುಗ್ಗತೊಡಗಿದರು. ಇವರಿಗೋ ಕಿರಿಕಿರಿ. ಗಂಭೀರವಾದ ಉದ್ದುದ್ದ ಹಾಡುಗಳನ್ನು ಕೇಳಿಸಲು ಕುಳಿತವರ ಮುಂದೆ ಊಟದ ಬಿಡುವಿನ ಹಾಡಿಗೆ ಚಪ್ಪಾಳೆ! ಇನ್ನು ಸಿಂಗಲ್‌ಗಳ ಗೊಡವೆಯೇ ಬೇಡವೆಂದು ಕೆಲಕಾಲ ದೂರವಿದ್ದರಂತೆ. ಐವತ್ತೈದು ವರ್ಷದ ಬಳಿಕ ಕೊನೆಗೆ ಉಳಿದದ್ದು ಮಾತ್ರ ಅದೇ.

ನನಗೆ ಹಾಡಿಗಿಂತ ಹೆಚ್ಚು ಕಾಡಿದ್ದು ಅಯೋಮಿಯವರ ಬೆರಳು. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದರು. ಕೆಲಸ ಬಿಡುವ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗಲು ಒಲ್ಲೆ ಎಂದರಂತೆ. ಒಪ್ಪಿಕೊಂಡ ದಿನವನ್ನು ಪೂರ್ತಿ ಮಾಡಬೇಕೆಂದು ತಾಯಿ ಗದರಿ ಕಳಿಸಿದರು. ಅಂದೇ ಯಂತ್ರ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ತೆಗೆಯಿತು. ಅವರು ಎಡಚರು, ತಂತಿ ಒತ್ತುವುದು ಬಲಗೈಯಲ್ಲಿ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳುವಾದ ತಂತಿ ಕಟ್ಟಿದರು, ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದರು. ಆ ದಪ್ಪ, ಕತ್ತಲೆಯ ನಾದ ಹೀಗೆ ಹದಗೊಂಡಿತು. ತೋಟದ ಕೆಲಸದಲ್ಲಿ ಬೆರಳು ಕಳೆದುಕೊಂಡವರು ನಮ್ಮ ಸುತ್ತಲೂ ಇದ್ದಾರೆ. ಅವರು ಮರುವಾರ ಬಟ್ಟೆ ಸುತ್ತಿಕೊಂಡು ಬಂದು ಕತ್ತಿ ಹಿಡಿಯುವುದನ್ನು ಬಲ್ಲೆ. ಅಮ್ಮನಿಗೆ ಈ ಸಂಗತಿ ಹೇಳಿದೆ. ಅವರು ಕಣಿಲೆಯಿಂದ ಕಣ್ಣು ತೆಗೆಯದೆ, "ಪಾಪ, ಆ ತಾಯಿಗೆ ಎಷ್ಟು ವರ್ಷ ನಿದ್ದೆ ಬರಲಿಲ್ಲವೋ" ಎಂದರು.

ಅಂತೂ ಹಾಡು ಶುರುವಾಯಿತು. ಮಳೆಯಲ್ಲಿ ಕೇಳಿಸಲಿಲ್ಲ. ಹುಡುಗ ಬುದ್ಧಿವಂತ, ಬಚ್ಚಲಿನ ಖಾಲಿ ತಾಮ್ರದ ಹಂಡೆಯನ್ನು ಜಗಲಿಗೆ ತಂದು ತನ್ನ ಬ್ಯಾಟರಿ ಸ್ಪೀಕರನ್ನು ಅದರೊಳಗಿಟ್ಟ. ಅದೇ ಗಳಿಗೆಗೆ ಮಳೆ ಹೊಳವಾಯಿತು. ಹಂಡೆಯಿಂದ ಎದ್ದ ಗಿಟಾರಿನ ಸದ್ದು ಅಂಗಳ ದಾಟಿ, ತೋಟ ಇಳಿದು, ತೋಡಿನಾಚೆಗೆ ಹೋಯಿತು. ನಾಯಿ ಎದ್ದು ಕಾಫಿ ಗಿಡದ ಕೆಳಗೆ ನುಸುಳಿತು.

ಎರಡನೆಯ ಸಲ ಹಾಕುವಷ್ಟರಲ್ಲಿ ಕೆಳಗಿನ ಮನೆಯ ಭಾವ ಏದುಸಿರು ಬಿಡುತ್ತ ಗೇಟಿನಲ್ಲಿ ಕಾಣಿಸಿದರು. ಮಂಡೆಗೆ ಪ್ಲಾಸ್ಟಿಕ್ ಕೊಪ್ಪೆ, ಹೆಗಲಿಗೆ ಹಗ್ಗ, ಕೈಯಲ್ಲಿ ಕತ್ತಿ.

"ಯಾವ ಮರ ಬಿದ್ದದ್ದು? ಮನೆಗೆ ಏನೂ ಆಗಲಿಲ್ಲ ತಾನೆ? ಮರ ಕೊಯ್ಯುವ ಯಂತ್ರದ ಸದ್ದು ಕೇಳಿ ಬಂದೆ."

ಹುಡುಗನ ಮುಖ ನೋಡಬೇಕಿತ್ತು. ನಾನು ಹಂಡೆ ತೋರಿಸಿ ವಿಷಯ ತಿಳಿಸಿದೆ. ಭಾವ ಕೊಪ್ಪೆ ತೆಗೆಯದೆ, ನೀರು ಸುರಿಸುತ್ತ, ಹಂಡೆಗೆ ಕಿವಿ ಕೊಟ್ಟು ಹಾಡು ಮುಗಿಯುವವರೆಗೆ ನಿಂತರು. ನಡುವೆ ಒಂದೆರಡು ಸಲ ಹುಬ್ಬು ಗಂಟಿಕ್ಕಿದರು. ಹುಡುಗ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

"ಹಳೆಯ ಯಂತ್ರ," ಎಂದರು ಭಾವ ನೆಟ್ಟಗೆ ನಿಂತು. "ಒಮ್ಮೆ ಪ್ಲಗ್ ಬಿಚ್ಚಿ ಒರೆಸಿ ನೋಡಿ."