ಬರುವ ಎಲೆಕ್ಷನ್ನು, ಬಾರದ ಎಲೆಕ್ಷನ್ನು

2014ರ ಮಾರ್ಚ್ 3ನೇ ತಾರೀಕು ಚಿಕ್ಕಬಳ್ಳಾಪುರದಲ್ಲಿ, ಪಶ್ಚಿಮ ಘಟ್ಟದ ನೀರನ್ನ ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆಯಿತು. 5ನೇ ತಾರೀಕು ಲೋಕಸಭಾ ಚುನಾವಣೆಯ ವೇಳಾಪಟ್ಟಿ ಬಂತು, ಅವತ್ತಿನಿಂದಲೇ ನೀತಿ ಸಂಹಿತೆ. ಎರಡು ದಿನ ತಡವಾಗಿದ್ದರೆ ಆ ಕಲ್ಲು ಚುನಾವಣೆ ಮುಗಿಯುವವರೆಗೂ ಕಾಯಬೇಕಿತ್ತು. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು ಆಮೇಲೆ 12,912 ಕೋಟಿ ಆಯಿತು, 2023ರ ಹೊತ್ತಿಗೆ 23,251 ಕೋಟಿಗೆ ಹೋಯಿತು. ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆ ಆದದ್ದು 2024ರ ಸೆಪ್ಟೆಂಬರ್ 6ಕ್ಕೆ, ಗೌರಿ ಹಬ್ಬದ ದಿನ. ಕಲ್ಲು ನೆಟ್ಟ ನಮ್ಮ ಕಡೆಗೆ ನೀರು ಇನ್ನೂ ಬರಬೇಕು. ಇಷ್ಟರಲ್ಲಿ ಮೂರು ಲೋಕಸಭೆ, ಎರಡು ವಿಧಾನಸಭೆ ಚುನಾವಣೆ ಮುಗಿದುಹೋಗಿವೆ. ಒಂದೊಂದು ಸಲವೂ ಎಲ್ಲ ಪಕ್ಷದವರ ಭಾಷಣದಲ್ಲೂ ಎತ್ತಿನಹೊಳೆ ಹರಿದಿದೆ.

ನಾನು ಶಿಡ್ಲಘಟ್ಟ ತಾಲ್ಲೂಕಿನವನು. ನಮ್ಮದು ರೇಷ್ಮೆ ಹುಳು ಮೇಯಿಸುವ ಮನೆ. ಹಿಪ್ಪುನೇರಳೆ ತೋಟಕ್ಕೆ ಸಾವಿರ ಅಡಿ ದಾಟಿದ ಬೋರ್‌ವೆಲ್ಲೇ ಗತಿ. ಟಿವಿಯಲ್ಲಿ ಚುನಾವಣೆ ಅಂದರೆ ಯಾರು ಸಿಎಂ, ಯಾವ ಜಾತಿ ಯಾರ ಕಡೆ ಅನ್ನೋದೇ ಮಾತು. ನಮಗೆ ಚುನಾವಣೆ ಅಂದರೆ ನೀರು, ರಸ್ತೆ, ಕೆರೆ ಏರಿ, ಆಸ್ಪತ್ರೆ. ಇವೆಲ್ಲ ಯಾವಾಗ ಚುರುಕಾಗುತ್ತವೆ, ಯಾವಾಗ ಮಲಗುತ್ತವೆ ಅನ್ನೋದನ್ನ ಕ್ಯಾಲೆಂಡರ್ ನೋಡದೆಯೇ ಹೇಳುವಷ್ಟು ನಮ್ಮ ಜನಕ್ಕೆ ಅಭ್ಯಾಸ ಆಗಿಬಿಟ್ಟಿದೆ. ಅದರ ಬಗ್ಗೆ, ಜೊತೆಗೆ ವರ್ಷಗಟ್ಟಲೆ ಬಾರದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ ಬಗ್ಗೆ ಮನಸ್ಸಿನಲ್ಲಿರೋದನ್ನ ಬರೀಬೇಕು ಅನ್ನಿಸಿತು. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ನೀತಿ ಸಂಹಿತೆ ಬಂದ ಮೇಲೆ ಹೊಸ ಯೋಜನೆ ಘೋಷಿಸುವ ಹಾಗಿಲ್ಲ, ಶಂಕುಸ್ಥಾಪನೆ ಮಾಡುವ ಹಾಗಿಲ್ಲ. ಆದರೆ ಅದಕ್ಕೆ ಮುಂಚೆಯೇ ಜಾಗದಲ್ಲಿ ಶುರುವಾದ ಕೆಲಸ ಮುಂದುವರಿಯಬಹುದು. ಹಾಗಾಗಿ ವೇಳಾಪಟ್ಟಿ ಬರುವ ಹಿಂದಿನ ವಾರ ಊರೂರಲ್ಲಿ ಗುದ್ದಲಿ ಪೂಜೆ. ನಮ್ಮ ಪಕ್ಕದ ಊರಿನ ರಸ್ತೆಗೆ 2023ರ ಮಾರ್ಚಿನಲ್ಲಿ ಹೀಗೇ ಪೂಜೆ ಆಯಿತು. ಜೆಸಿಬಿಗೆ ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಮಾರುದ್ದ ಅಗೆದು ಫೋಟೋ ತೆಗೆಸಿಕೊಂಡರು. ಒಂದು ಲೋಡ್ ಜಲ್ಲಿ ತಂದು ಸುರಿದರು. ಕೋಡ್ ಬಂದ ಮೇಲೆ ಕಲ್ಲಿನ ಮೇಲಿನ ಹೆಸರುಗಳಿಗೆ ಯಾರೋ ಬಂದು ನ್ಯೂಸ್ ಪೇಪರ್ ಅಂಟಿಸಿ ಹೋದರು. ರಿಸಲ್ಟ್ ಬಂತು, ಪೇಪರ್ ಮಳೆಗೆ ನೆನೆದು ಉದುರಿತು, ಹೆಸರು ಮತ್ತೆ ಕಾಣಿಸಿತು. ಜಲ್ಲಿ ಮಾತ್ರ ಅಲ್ಲೇ ಇತ್ತು. ಮಕ್ಕಳು ಸೈಕಲ್ಲಿನಲ್ಲಿ ಬಂದು ಅದರ ಮೇಲೆ ಬೀಳುತ್ತಿದ್ದರು. ಕೊನೆಗೆ ಊರಿನವರೇ ಬುಟ್ಟಿಯಲ್ಲಿ ತುಂಬಿ ದೇವಸ್ಥಾನದ ಮುಂದಿನ ಕೆಸರಿಗೆ ಹಾಕಿಕೊಂಡರು. ಕೇಳಿದರೆ ಕ್ರಿಯಾಯೋಜನೆಯಲ್ಲಿತ್ತು, ಅನುದಾನ ಬಿಡುಗಡೆ ಆಗಲಿಲ್ಲ ಅಂತ ಉತ್ತರ.

ಆದರೂ ಎಲೆಕ್ಷನ್ ಹತ್ತಿರ ಬಂದಾಗ ಸರ್ಕಾರ ಮಾಡೋದೆಲ್ಲ ನಾಟಕ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. 2019ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಉಪಚುನಾವಣೆ ಬಂತಲ್ಲ, ಅದರ ಆಸುಪಾಸಿನಲ್ಲೇ ಮಂಚೇನಹಳ್ಳಿಯನ್ನ ಹೊಸ ತಾಲ್ಲೂಕು ಮಾಡುವ ಮಾತು ಗಟ್ಟಿಯಾಯಿತು. ಕನಕಪುರಕ್ಕೆ ಅಂತಿದ್ದ ಮೆಡಿಕಲ್ ಕಾಲೇಜು ನಮ್ಮ ಜಿಲ್ಲೆಗೆ ಬರೋದರ ಬಗ್ಗೆ ದೊಡ್ಡ ಗಲಾಟೆಯೇ ನಡೆಯಿತು. ಕನಕಪುರದವರ ನೋವು ಅವರಿಗಿದೆ, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಆ ಕಾಲೇಜು ಬಂತು, ಇವತ್ತು ನಮ್ಮ ಜಿಲ್ಲೆಯಲ್ಲೇ ಮಕ್ಕಳು ಎಂಬಿಬಿಎಸ್ ಓದುತ್ತಿದ್ದಾರೆ. ಉಪಚುನಾವಣೆ ಇಲ್ಲದಿದ್ದರೆ ಅದು ಅಷ್ಟು ಬೇಗ ಆಗುತ್ತಿತ್ತು ಅಂತ ನನಗಂತೂ ಅನ್ನಿಸಲ್ಲ.

ಮರುವರ್ಷ ಶಿರಾದಲ್ಲಿ ನಡೆದದ್ದು ಇದರ ಇನ್ನೊಂದು ಮುಖ. 2020ರ ನವೆಂಬರ್ 3ರ ಉಪಚುನಾವಣೆಗೆ ಮುಂಚೆ ಕಾಡುಗೊಲ್ಲರ ಅಭಿವೃದ್ಧಿ ನಿಗಮದ ಘೋಷಣೆ ಬಂತು. ಆರು ತಿಂಗಳಲ್ಲಿ ಮದಲೂರು ಕೆರೆ ತುಂಬಿಸುತ್ತೇವೆ ಅಂತ ಮುಖ್ಯಮಂತ್ರಿಗಳೇ ಮಾತು ಕೊಟ್ಟರು. ಶಿರಾದಲ್ಲಿ ಬಿಜೆಪಿ ಮೊದಲ ಸಲ ಗೆದ್ದಿತು. ಮುಂದಿನ ವರ್ಷ ನೋಡಿದರೆ, ಆ ಕೆರೆಗೆ ಹೇಮಾವತಿ ನೀರಿನ ಹಂಚಿಕೆಯೇ ಇದೆಯೋ ಇಲ್ಲವೋ ಅಂತ ಜಗಳ. ಹಂಚಿಕೆಯ ಲೆಕ್ಕ ಓಟು ಕೇಳುವಾಗಲೂ ಕಡತದಲ್ಲೇ ಇತ್ತಲ್ಲವೇ? ಅವತ್ತೇ ಯಾಕೆ ತೆಗೆದು ಜನರ ಮುಂದೆ ಇಡಲಿಲ್ಲ?

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಕಥೆಯೂ ಇದೇ ಜಾಡಿನದು. ಶಿರಾ, ಪಾವಗಡದವರು ಅದಕ್ಕಾಗಿ ಕಾದು ಎಷ್ಟು ಕಾಲವಾಯಿತು! 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂದರು. ಮೇ 10ಕ್ಕೆ ವಿಧಾನಸಭೆಗೆ ಮತದಾನ. ಆಮೇಲೆ ಆ ದುಡ್ಡು ಎಲ್ಲಿ ಅಂತ ರಾಜ್ಯ, ಯಾಕೆ ಬರಲಿಲ್ಲ ಅನ್ನೋದಕ್ಕೆ ನೂರು ಕಾರಣ ಹೇಳುತ್ತಾ ಕೇಂದ್ರ, ಇಬ್ಬರೂ ಪತ್ರಿಕಾಗೋಷ್ಠಿ ಮಾಡಿಕೊಂಡು ಕೂತರು.

ಬೆಲೆಗಳ ವಿಷಯ ಎಲ್ಲರಿಗೂ ಗೊತ್ತಿರೋದೇ, ಜಾಸ್ತಿ ಬರೆಯಲ್ಲ. 2018ರ ಮೇ 12ರ ಮತದಾನಕ್ಕೆ ಮುಂಚೆ ಹತ್ತೊಂಬತ್ತು ದಿನ ಪೆಟ್ರೋಲ್ ರೇಟು ಅಲ್ಲಾಡಲಿಲ್ಲ, ಓಟು ಮುಗಿದದ್ದೇ ಏರತೊಡಗಿತು. 2024ರಲ್ಲಿ ಲೋಕಸಭಾ ವೇಳಾಪಟ್ಟಿಗೆ ಎರಡು ದಿನ ಮುಂಚೆ ಕೇಂದ್ರ ಲೀಟರಿಗೆ ಎರಡು ರೂಪಾಯಿ ಇಳಿಸಿತು. ಜೂನ್ 4ಕ್ಕೆ ಫಲಿತಾಂಶ, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿಸಿತು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರೋ ಟೆಂಪೋದವನಿಗೆ ಯಾವ ಪಕ್ಷದ ಡೀಸೆಲ್ಲಾದರೂ ಒಂದೇ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಸಂಕಟ ಆಗೋದು, ನ್ಯಾಯವಾದ ಬೇಡಿಕೆಗಳೂ ಚುನಾವಣೆಯ ಹಿಂದಿನ ವಾರಕ್ಕೆ ಕಾಯಬೇಕಾಗಿ ಬರುತ್ತದಲ್ಲ, ಅದಕ್ಕೆ. ಒಳಮೀಸಲಾತಿ ತಗೊಳ್ಳಿ, ಅಂದರೆ ಪರಿಶಿಷ್ಟ ಜಾತಿಯ ಮೀಸಲಾತಿಯನ್ನ ಆ ಪಟ್ಟಿಯ ಜಾತಿಗಳೊಳಗೆ ಪಾಲು ಮಾಡಿ ಕೊಡೋದು. 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರ ಪ್ರಮಾಣ ರಾಜ್ಯದಲ್ಲೇ ಹೆಚ್ಚಿರೋದು ಕೋಲಾರ ಜಿಲ್ಲೆಯಲ್ಲಿ, ನೂರಕ್ಕೆ ಮೂವತ್ತು. ಒಳಮೀಸಲಾತಿ ಕೊಡಬೇಕು ಅಂತ ಸದಾಶಿವ ಆಯೋಗ ವರದಿ ಕೊಟ್ಟದ್ದು 2012ರಲ್ಲಿ. ಆ ವರದಿ ಹಿಡಿದುಕೊಂಡು ನಮ್ಮ ಕಡೆ ಹುಡುಗರು ಧರಣಿ ಕೂರುತ್ತಾ ಕೂರುತ್ತಾ ಮಕ್ಕಳ ತಂದೆಯರಾದರು. ಸಂಪುಟ ತೀರ್ಮಾನ ಬಂದದ್ದು 2023ರ ಮಾರ್ಚ್ 24ಕ್ಕೆ, ಮಾರ್ಚ್ 29ಕ್ಕೆ ವೇಳಾಪಟ್ಟಿ. ಅದೇ ಸಭೆಯಲ್ಲೇ ಮುಸ್ಲಿಮರ ಶೇ. 4ರ ಮೀಸಲಾತಿ ತೆಗೆದು ಇನ್ನೆರಡು ಸಮುದಾಯಗಳಿಗೆ ಹಂಚಿದರು. ವಿಷಯ ಕೋರ್ಟಿಗೆ ಹೋದಾಗ ಸದ್ಯಕ್ಕೆ ಜಾರಿ ಮಾಡಲ್ಲ ಅಂತ ಸರ್ಕಾರವೇ ಹೇಳಬೇಕಾಯಿತು. ಹತ್ತು ವರ್ಷ ಕೂತು ಮಾತಾಡಿ ಒಪ್ಪಿಸಬೇಕಾದ ವಿಷಯವನ್ನ ಐದು ದಿನ ಉಳಿದಿರುವಾಗ ಮುಟ್ಟಿದರೆ ಅಕ್ಕಪಕ್ಕದ ಮನೆಯವರ ನಡುವೆ ಅನುಮಾನ ಹುಟ್ಟುತ್ತದೆ. ಒಳಮೀಸಲಾತಿಗೆ ಹೋರಾಡಿದವರು ಕೇಳಿದ್ದು ಇದನ್ನಲ್ಲ.

ಇನ್ನು ನಮ್ಮ ನಿರೀಕ್ಷೆಗಳ ಮಾತಿಗೆ ಬರೋಣ. ಓಟು ಕೇಳಲು ಬಂದವರ ಹತ್ತಿರ ನಮ್ಮ ಕಡೆ ಏನು ಕೇಳುತ್ತಾರೆ ಅಂತ ನೋಡಿದ್ದೀರಾ? ದೇವಸ್ಥಾನಕ್ಕೆ ದುಡ್ಡು. ಸಮುದಾಯ ಭವನ. ಬೀದಿಗೆ ಸಿಮೆಂಟು. ಮಾಲೆ ಹಾಕಿದ ಹೆಣ್ಣುಮಕ್ಕಳಿಗೆ ಓಂ ಶಕ್ತಿ ಯಾತ್ರೆಗೆ ಬಸ್ಸು. ಕೇಳುವವರನ್ನ ನಾನು ಹೀಯಾಳಿಸಲ್ಲ. ಐದು ವರ್ಷಕ್ಕೊಮ್ಮೆ ಕೈಗೆ ಸಿಗುವವರ ಹತ್ತಿರ, ಅವರು ಮತ್ತೆ ಕಾಣೆಯಾಗೋದರೊಳಗೆ ಕಣ್ಣಿಗೆ ಕಾಣುವಂಥದ್ದನ್ನ ಈಸಿಕೊಳ್ಳಬೇಕು ಅನ್ನೋದು ಅನುಭವದಿಂದ ಬಂದ ಬುದ್ಧಿ. ಆದರೆ ಇದರಿಂದಾಗಿ ಮೂರು ತಿಂಗಳಲ್ಲಿ ಮುಗಿಯುವ ಕೆಲಸ ಮಾತ್ರ ಪಟ್ಟಿಗೆ ಬರುತ್ತದೆ, ಮೂರು ವರ್ಷ ಬೇಡುವ ಕೆಲಸ ಬರೋದೇ ಇಲ್ಲ. ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಕೋಲಾರದ ಕೆರೆಗಳಿಗೆ, ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ್ದ ಬೋರ್‌ಗಳಲ್ಲಿ ನೀರು ಕಂಡದ್ದು ನಿಜ, ಆ ಉಪಕಾರ ಮರೆಯಬಾರದು. ಆದರೆ ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ. ಮೂರನೇ ಹಂತ ಬೇಕು ಅಂತ ನೀರಾವರಿ ಹೋರಾಟದವರು ಗಂಟಲು ಹರಿದುಕೊಂಡರೂ ಯಾವ ಅಭ್ಯರ್ಥಿಯ ಬಾಯಲ್ಲೂ ಅದು ಗಟ್ಟಿಯಾಗಿ ಬರಲ್ಲ. ಮೂರನೇ ಹಂತದ ಘಟಕ ಬೆಂಗಳೂರಿನ ಮೂಲೆಯಲ್ಲಿ ಕಟ್ಟಬೇಕು. ನಮ್ಮೂರ ಬಾಗಿಲಲ್ಲಿ ಅದಕ್ಕೆ ಕಲ್ಲು ನೆಡೋಕಾಗಲ್ಲ, ಟೇಪು ಕತ್ತರಿಸೋಕಾಗಲ್ಲ.

ಕೆರೆಗೆ ನೀರು ತರುವ ಕಾಲುವೆಗಳ ಗತಿಯೂ ಅಷ್ಟೇ. ನಮ್ಮೂರ ಕೆರೆಗೆ ಮೇಲಿನಿಂದ ಬರುವ ರಾಜಕಾಲುವೆ ಒಂದು ಕಡೆ ಲೇಔಟಿಗೆ ಸೇರಿದೆ, ಇನ್ನೊಂದು ಕಡೆ ಯಾರೋ ದ್ರಾಕ್ಷಿ ತೋಟಕ್ಕೆ ದಾರಿ ಮಾಡಿಕೊಂಡಿದ್ದಾರೆ. ಉಳಿದದ್ದರಲ್ಲಿ ಆಳೆತ್ತರ ಬಳ್ಳಾರಿ ಜಾಲಿ. ಅದನ್ನ ಬಿಡಿಸಬೇಕಾದರೆ ಸರ್ವೆ ಆಗಬೇಕು, ನೋಟಿಸ್ ಕೊಡಬೇಕು, ನಾಲ್ಕು ಜನರ ನಿಷ್ಠುರ ಕಟ್ಟಿಕೊಳ್ಳಬೇಕು. ಎಲೆಕ್ಷನ್ ಹತ್ತಿರ ಇರುವಾಗ ಯಾರು ನಿಷ್ಠುರ ಕಟ್ಟಿಕೊಳ್ಳುತ್ತಾರೆ? ಎಲೆಕ್ಷನ್ ದೂರ ಇರುವಾಗ ಅವರನ್ನ ಯಾರು ಕೇಳುತ್ತಾರೆ?

ಎಲೆಕ್ಷನ್ ದೂರ ಇದ್ದಾಗಲೂ ಕೇಳುವವರು ಒಬ್ಬರಿದ್ದರು. ಜಿಲ್ಲಾ ಪಂಚಾಯ್ತಿ ಮೆಂಬರು, ತಾಲ್ಲೂಕು ಪಂಚಾಯ್ತಿ ಮೆಂಬರು. ಈ ಪೋಸ್ಟು ಬರೆಯಲು ಕೂತದ್ದೇ ಅವರ ವಿಷಯಕ್ಕೆ.

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ನಾವು ಕೊನೆಗೆ ಓಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆದಿರಲೇಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. 2021ರಲ್ಲಿ ಆಗಿನ ಬಿಜೆಪಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನ ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟಿತು. ಚುನಾವಣಾ ಆಯೋಗವೇ ಹೈಕೋರ್ಟಿಗೆ ಹೋಗಬೇಕಾಯಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಇವರಾದರೂ ಬೇಗ ಮಾಡುತ್ತಾರೆ ಅಂತ ಕಾದೆವು. ಕ್ಷೇತ್ರ ವಿಂಗಡಣೆ ಮುಗಿದರೆ ಮೀಸಲಾತಿ ಪಟ್ಟಿ ಇಲ್ಲ, ಪಟ್ಟಿ ಕೇಳಿದರೆ ಕೋರ್ಟಿಗೆ ಇನ್ನೊಂದು ವಾಯಿದೆ. 2022, 2023, 2024, 2025 ಎಲ್ಲ ಹಾಗೇ ಉರುಳಿದವು.

ಎರಡೂ ಕಡೆಯವರು ಒಂದೇ ಥರ ಕಾಲ ತಳ್ಳಿದರು ಅಂದರೆ ಒಂದೇ ಕಾರಣ ಇರಬೇಕು. ನನ್ನ ಅಭಿಪ್ರಾಯ ಹೇಳುತ್ತೇನೆ. ಜಿಲ್ಲಾ ಪಂಚಾಯ್ತಿ ಇಲ್ಲದಿದ್ದರೆ ಕುಡಿಯುವ ನೀರು, ಶಾಲೆ ಕಟ್ಟಡ, ಹಳ್ಳಿ ರಸ್ತೆಯ ಕ್ರಿಯಾಯೋಜನೆ ಎಲ್ಲ ಅಧಿಕಾರಿಗಳ ಕೈಗೆ ಹೋಗುತ್ತದೆ, ಅಧಿಕಾರಿಗಳ ಮೂಲಕ ಎಂಎಲ್ಎ ಕೈಗೆ. ಗೆದ್ದ ಮೆಂಬರು ಐದು ವರ್ಷ ಊರೂರು ಓಡಾಡಿದರೆ ನಾಳೆ ಎಂಎಲ್ಎ ಟಿಕೆಟ್ಟಿಗೆ ನಿಲ್ಲುತ್ತಾನೆ. ಅರ್ಧದಷ್ಟು ಸೀಟು ಹೆಣ್ಣುಮಕ್ಕಳಿಗೆ ಮೀಸಲು, ನಾಳೆ ಅವರಲ್ಲೊಬ್ಬಳು ಎದುರು ನಿಲ್ಲಬಹುದು. ಅಂಥ ಏಣಿಯನ್ನ ತಾವಾಗೇ ತಂದು ನಿಲ್ಲಿಸೋಕೆ ಯಾವ ಎಂಎಲ್ಎಗೂ ಅವಸರ ಇಲ್ಲ. ಜೊತೆಗೆ ನಷ್ಟವೂ ಇದೆ. ಹದಿನೈದನೇ ಹಣಕಾಸು ಆಯೋಗದ ಅನುದಾನ ಬರಬೇಕಾದರೆ ಚುನಾಯಿತ ಸಂಸ್ಥೆ ಇರಬೇಕಿತ್ತು. ಜಿಲ್ಲೆ, ತಾಲ್ಲೂಕಿನ ಪಾಲಿನ ಆ ದುಡ್ಡು ಹೋದದ್ದು ಯಾರ ಮನೆಯದು? ನಮ್ಮದೇ.

ಇದು ಪಂಚಾಯ್ತಿ ವ್ಯವಸ್ಥೆಗೆ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ಅಬ್ದುಲ್ ನಜೀರ್ ಸಾಬ್ ಇದ್ದ ಕಾಲದಲ್ಲಿ, 73ನೇ ತಿದ್ದುಪಡಿಗೂ ಮುಂಚೆಯೇ, 1987ರಲ್ಲಿ ಇಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದಿತ್ತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ ಅವರನ್ನ ಜನ ಪ್ರೀತಿಯಿಂದ ನೀರ್ ಸಾಬ್ ಅಂದರು. ನಮ್ಮ ಕಡೆ ಹಿರಿಯರ ಬಾಯಲ್ಲಿ ಆ ಹೆಸರು ಇವತ್ತಿಗೂ ಬರುತ್ತದೆ.

ಮೊನ್ನೆ ಡೇರಿಗೆ ಹಾಲು ಹಾಕಿ ಬರುವಾಗ ಪಕ್ಕದ ಮನೆ ತಾತ ಶುದ್ಧ ನೀರಿನ ಘಟಕದ ಕಟ್ಟೆ ಮೇಲೆ ಖಾಲಿ ಕ್ಯಾನ್ ಇಟ್ಟುಕೊಂಡು ಕೂತಿದ್ದರು. ಘಟಕ ಕೆಟ್ಟು ಸುಮಾರು ದಿನವಾಗಿದೆ. ಬೋರ್ ನೀರು ಕುಡಿಯೋಣ ಅಂದರೆ ಫ್ಲೋರೈಡು.

"ಏನಪ್ಪಾ, ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಯಾವಾಗಂತೆ?"

"ಗೊತ್ತಿಲ್ಲ ತಾತ, ಕೋರ್ಟಲ್ಲೈತಂತೆ."

"ಮುಂಚೆ ನೀರು ಬರ್ಲಿಲ್ಲ ಅಂದ್ರೆ ಮೆಂಬ್ರು ಮನೆ ಮುಂದೆ ಹೋಗಿ ಕೂಗಾಡ್ತಿದ್ವಿ. ಈಗ ಕೂಗಾಡಾಣಾ ಅಂದ್ರೆ ಒಂದು ಬಾಗ್ಲೂ ಇಲ್ಲ ನೋಡು. ಆ ಇಂಜಿನಿಯರ್ರು ಯಾರೋ, ಎಲ್ಲವ್ನೋ."

ತಾತನಿಗೆ 243-ಇ ಗೊತ್ತಿಲ್ಲ. ಆದರೆ ಆ ವಿಧಿ ಯಾಕಿದೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನ ನಾನು ನೋಡಿಲ್ಲ.

ಗ್ಯಾರಂಟಿಗಳ ಬಗ್ಗೆ ಯಾಕೆ ಬರೆದಿಲ್ಲ ಅಂತ ಕೆಲವರು ಕೇಳಬಹುದು. ನಮ್ಮ ಮನೆಯ ಹೆಣ್ಣುಮಕ್ಕಳು ಶಕ್ತಿ ಬಸ್ಸಲ್ಲೇ ಚಿಂತಾಮಣಿಗೆ, ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುತ್ತಾರೆ, ಗೃಹಲಕ್ಷ್ಮಿ ದುಡ್ಡಲ್ಲಿ ಮಗುವಿನ ಫೀಸು ಕಟ್ಟಿದವರೂ ಇದ್ದಾರೆ. ಚುನಾವಣೆಗೆ ಮುಂಚೆ ಬರೆದುಕೊಟ್ಟ ಮಾತು, ಗೆದ್ದ ಮೇಲೆ ಜಾರಿಗೆ ಬಂತು. ಓಟಿನ ಭಯ ಸರಿಯಾಗಿ ಕೆಲಸ ಮಾಡಿದರೆ ಆಗೋದು ಹೀಗೇ. ಅದೇ ಭಯವನ್ನ ಕೆರೆ, ಕಾಲುವೆ, ಕುಡಿಯುವ ನೀರಿಗೂ ಹಚ್ಚಬೇಕು. ಅದಕ್ಕೆ ಐದು ವರ್ಷಕ್ಕೊಮ್ಮೆ ಬರುವ ದೊಡ್ಡ ಎಲೆಕ್ಷನ್ ಒಂದೇ ಸಾಲಲ್ಲ, ಮನೆ ಬಾಗಿಲಿನ ಎಲೆಕ್ಷನ್ನೂ ಹೊತ್ತಿಗೆ ಸರಿಯಾಗಿ ಬರಬೇಕು.

ಪಕ್ಷ ಯಾವುದೇ ಇರಲಿ, ಓಟು ಕೇಳಲು ಬಂದವರಿಗೆ ನಮ್ಮೂರಿನವರು ಈ ಸಲ ಮೂರು ಪ್ರಶ್ನೆ ಇಡುತ್ತೇವೆ. ರಾಜಕಾಲುವೆ ಸರ್ವೆ ಮಾಡಿಸಿ ಒತ್ತುವರಿ ಬಿಡಿಸುತ್ತೀರಾ, ಯಾವ ವರ್ಷದೊಳಗೆ? ವ್ಯಾಲಿ ನೀರಿಗೆ ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಸದನದಲ್ಲಿ ಎದ್ದು ನಿಂತು ಕೇಳುತ್ತೀರಾ? ಜಿಲ್ಲಾ ಪಂಚಾಯ್ತಿ ಅವಧಿ ಮುಗಿದರೆ ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಿಸಬೇಕು ಅಂತ ನಿಮ್ಮ ಪಕ್ಷದ ಸರ್ಕಾರವಿದ್ದರೂ ಬಾಯಿಬಿಟ್ಟು ಹೇಳುತ್ತೀರಾ? ಉತ್ತರವನ್ನ ಬರೆದು, ಸಹಿ ಹಾಕಿ ಕೊಡಬೇಕು. ಅದನ್ನ ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯ್ತಿ ನೋಟಿಸ್ ಬೋರ್ಡಿಗೆ ಹಾಕುವುದು ಅಂತ ಮಾತಾಡಿಕೊಂಡಿದ್ದೇವೆ.

ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ, ಮಧುಗಿರಿ ಕಡೆಯ ಸ್ನೇಹಿತರೇ, ನಿಮ್ಮೂರಲ್ಲಿ ಪೂಜೆ ಆಗಿ ನಿಂತುಹೋದ ಕೆಲಸ ಇದ್ದರೆ ಕಲ್ಲಿನ ಫೋಟೋ, ಕಲ್ಲಿನ ಮೇಲಿನ ತಾರೀಕು ಕಾಣುವ ಹಾಗೆ, ಕೆಳಗೆ ಕಾಮೆಂಟಲ್ಲಿ ಹಾಕಿ. ಪ್ರಶ್ನೆಗಳನ್ನ ಟೈಪ್ ಮಾಡಿಟ್ಟಿದ್ದೇನೆ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸುತ್ತೇನೆ.