ಫ್ಯಾನಿನ ಪಕ್ಕದ ಅರುಂಧತಿ

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಂದು ಚಿತ್ರವಿದೆ. ಪುರೋಹಿತರು ಬೆರಳು ಮೇಲೆತ್ತಿದ್ದಾರೆ, ನಾವಿಬ್ಬರೂ ಭಕ್ತಿಯಿಂದ ಕತ್ತೆತ್ತಿದ್ದೇವೆ. ಹೊತ್ತು ಮಧ್ಯಾಹ್ನ ಹನ್ನೆರಡೂವರೆ, ಜಾಗ ಉಡುಪಿಯ ಒಂದು ಕಲ್ಯಾಣ ಮಂಟಪ, ತಲೆಯ ಮೇಲಿರುವುದು ಸೀಲಿಂಗ್ ಫ್ಯಾನು. "ಅರುಂಧತಿ ಕಂಡಿತೇ?" ಎಂದು ಅವರು ಕೇಳಿದಾಗ ಇವಳು ತಲೆಯಾಡಿಸಿದಳು. ಇವಳು ಆಡಿಸಿದಳೆಂದು ನಾನೂ ಆಡಿಸಿದೆ. ಬಾಸಿಂಗ ಕಟ್ಟುವಾಗ ಕನ್ನಡಕ ತೆಗೆದು ಭಾವನ ಜೇಬಿಗೆ ಹಾಕಿದ್ದರಿಂದ ನನಗೆ ಅರುಂಧತಿಯಿರಲಿ, ಪುರೋಹಿತರ ಬೆರಳೇ ಕಾಣುತ್ತಿರಲಿಲ್ಲ. ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ಅವಳು ನೋಡುತ್ತಿರುವುದು ಒಂದು ಫ್ಯಾನನ್ನು, ನಾನು ನೋಡುತ್ತಿರುವುದು ಇನ್ನೊಂದನ್ನು.

ಈ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮದುವೆಯಾಗಿ ತಿಂಗಳಿಗೆ, ಜನವರಿಯಲ್ಲಿ, ಇವಳು ಹತ್ತಿರದ ಶಾಲೆಯೊಂದಕ್ಕೆ ವಿಜ್ಞಾನದ ಟೀಚರಾಗಿ ಸೇರಿದಳು. ಕೈಯ ಮದರಂಗಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಅದನ್ನು ಕಂಡ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, "ಟೀಚರ್, ನೀವು ಮದುವೆಯಲ್ಲಿ ಅರುಂಧತಿ ನಕ್ಷತ್ರ ನೋಡಿದ್ದೀರಾ? ಹಗಲಿನಲ್ಲಿ ಅದು ಹೇಗೆ ಕಾಣುತ್ತದೆ?" ಎಂದು ಕೇಳಿದನಂತೆ. ಪುರೋಹಿತರಿಗೆ ಸುಳ್ಳು ಹೇಳಬಹುದು, ಎಂಟನೆಯ ತರಗತಿಗೆ ಹೇಳಲಾಗುವುದಿಲ್ಲ. "ನೋಡಿ ಬಂದು ಹೇಳುತ್ತೇನೆ" ಎಂದು ಮಾತು ಕೊಟ್ಟು ಬಂದಳು.

ಹನ್ನೊಂದು ಗೋಡೆ ಗಡಿಯಾರಗಳ ನಡುವೆ ಅವಳ ಅಣ್ಣ ಕೊಟ್ಟ ಎಪ್ಪತ್ತು ಮಿಲಿಮೀಟರಿನ ದೂರದರ್ಶಕವೂ ಉಡುಗೊರೆಯಾಗಿ ಬಂದಿತ್ತು. ಅದನ್ನು ಉದ್ಯಾವರದ ನಮ್ಮ ಮನೆಯ ಹಿತ್ತಲಿಗೆ ತಂದು ನಿಲ್ಲಿಸಿದೆವು. ಹಿತ್ತಲು ಎಂದರೆ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಹದಿನಾಲ್ಕು ತೆಂಗಿನ ಮರ. ಆಕಾಶ ಉಳಿದ ಸಂದುಗಳಲ್ಲಿ. ದೂರದರ್ಶಕದ ಮೊದಲ ಪ್ರಯೋಜನ ಕಂಡುಕೊಂಡವರು ಅಮ್ಮ. "ಬಾವಿಯ ಬಳಿಯ ಮರದಲ್ಲಿ ಕಾಯಿ ಬಲಿತಿದೆಯೇ ನೋಡು ಮಾರಾಯ, ಸುಮ್ಮನೆ ಮರ ಹತ್ತುವವರನ್ನು ಕರೆಸುವುದು ಬೇಡ" ಎಂದರು. ಬಲಿತಿತ್ತು.

ಮದುವೆಯಲ್ಲಿ ಅರುಂಧತಿಯ ಜೊತೆಗೆ ಧ್ರುವನನ್ನೂ ತೋರಿಸುತ್ತಾರೆ. ಸುಲಭದ್ದನ್ನು ಮೊದಲು ಮುಗಿಸೋಣವೆಂದು ಅವನನ್ನು ಹುಡುಕಿದೆವು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಊರಿನ ಅಕ್ಷಾಂಶ. ಉಡುಪಿಗೆ ಅದು ಹದಿಮೂರು ಡಿಗ್ರಿ ಚಿಲ್ಲರೆ. ಕೈ ನೀಡಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ. ಎಂದರೆ ಒಂದೂಕಾಲು ಮುಷ್ಟಿಗೂ ತುಸು ಮೇಲೆ. ನಮ್ಮ ಹಿತ್ತಲಿನಲ್ಲಿ ಆ ಎತ್ತರಕ್ಕೆ ಪಕ್ಕದ ಮನೆಯ ಹಲಸಿನ ಮರವಿದೆ. ಬೇರೆ ನಕ್ಷತ್ರವಾಗಿದ್ದರೆ ಒಂದೆರಡು ಗಂಟೆಯಲ್ಲಿ ಆಚೆ ಸರಿಯುತ್ತಿತ್ತು. ಇವನೋ ಅಚಲ. ವಿಷ್ಣು ಕೊಟ್ಟ ವರದಂತೆ ಹಲಸಿನ ಮರದ ಹಿಂದೆಯೇ ಶಾಶ್ವತವಾಗಿ ನಿಂತಿದ್ದಾನೆ.

ಅರುಂಧತಿಯ ತೊಂದರೆ ಬೇರೆ. ಸಪ್ತರ್ಷಿ ಮಂಡಲದ ಬಾಲದಲ್ಲಿ ನಡುವೆ ಇರುವವನು ವಸಿಷ್ಠ, ಅವನಿಗೆ ಅಂಟಿಕೊಂಡ ಮಂಕು ಚುಕ್ಕೆ ಅರುಂಧತಿ. ಜನವರಿಯಲ್ಲಿ ಈ ದಂಪತಿ ತೆಂಗಿನ ಗರಿ ದಾಟಿ ಮೇಲೆ ಬರುವಾಗ ರಾತ್ರಿ ಎರಡು ಗಂಟೆ ಕಳೆದಿರುತ್ತದೆ. ಮೂರು ರಾತ್ರಿ ಅಲಾರಂ ಇಟ್ಟು ಎದ್ದೆವು. ಮೊದಲ ರಾತ್ರಿ ಮಂಜು. ಎರಡನೆಯ ರಾತ್ರಿ, ಕತ್ತಲೆಗೆ ಒಗ್ಗಿದ ಕಣ್ಣು ಕೆಡಬಾರದೆಂದು ಟಾರ್ಚಿಗೆ ಸುತ್ತಿದ್ದ ಕೆಂಪು ಕಾಗದದ ಬೆಳಕು ಬಾವಿಕಟ್ಟೆಯ ಸುತ್ತ ಓಡಾಡುವುದನ್ನು ಪಕ್ಕದ ಮನೆಯ ಅಜ್ಜಿ ಕಂಡರು. ಮರುದಿನ ಬೆಳಗ್ಗೆ ಅವರು ಭೂತಕ್ಕೆ ಹರಕೆ ಹೇಳಿಕೊಂಡಿದ್ದೂ ಆಯಿತು, ಅವರ ಮಗ ಅಂಗಳಕ್ಕೆ ಫ್ಲಡ್‌ಲೈಟ್ ಹಾಕಿಸಿದ್ದೂ ಆಯಿತು. ಮೂರನೆಯ ರಾತ್ರಿ ಆ ಬೆಳಕಿನಲ್ಲಿ ನಮಗೆ ಕಂಡದ್ದು ಸೊಳ್ಳೆಗಳು ಮಾತ್ರ, ಒಂದೊಂದೂ ಸ್ಪಷ್ಟವಾಗಿ.

ಅದರ ಬೆಳಗ್ಗೆ ಪಡುಬಿದ್ರಿಯ ಕಚೇರಿಗೆ ಹೊರಟ ನಾನು ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಗೆ ತಲೆಯಿಟ್ಟೆ. ಕಂಡಕ್ಟರನ ಸೀಟಿಗೆ ಎಚ್ಚರವಾದಾಗ ಮೂಲ್ಕಿ. ಕೆಲಸಕ್ಕೆ ಸೇರಿ ಎರಡನೆಯ ವಾರ. ತಡವಾದದ್ದಕ್ಕೆ ಮ್ಯಾನೇಜರು ಕಾರಣ ಕೇಳಿದರು. ಹೊಸದಾಗಿ ಮದುವೆಯಾದವನು ರಾತ್ರಿ ನಕ್ಷತ್ರ ನೋಡುತ್ತಿದ್ದೆ ಎಂದರೆ ಯಾರು ತಾನೇ ನಂಬುತ್ತಾರೆ? ಇಡೀ ಕಚೇರಿ ನಕ್ಕಿತು.

ಕೊನೆಗೆ ಏಪ್ರಿಲ್‌ನಲ್ಲಿ, ವಿಷು ಹಬ್ಬದ ರಾತ್ರಿ, ಸಂಜೆಯ ಗುಡುಗು ಮಳೆ ಬಿಟ್ಟು ಆಕಾಶ ತೊಳೆದಿಟ್ಟಂತಿತ್ತು. ಕರೆಂಟು ಹೋಗಿತ್ತು, ಅಜ್ಜಿಯ ಫ್ಲಡ್‌ಲೈಟಿನದ್ದೂ. ಹತ್ತೂವರೆಗೆ ಹೊರಬಂದರೆ ಉತ್ತರದಲ್ಲಿ, ಹಲಸಿನ ಮರಕ್ಕಿಂತ ಬಹಳ ಮೇಲೆ, ಸಪ್ತರ್ಷಿಗಳು ಪೂರ್ತಿ ಏಳು ಮಂದಿ! ಇವಳಿಗೆ ಬರಿಗಣ್ಣಿಗೇ ಅರುಂಧತಿ ಕಂಡಳು. ನಾನು ಬೆವರಿನಿಂದ ಮಂಜಾದ ಕನ್ನಡಕವನ್ನು ಲುಂಗಿಯ ತುದಿಯಲ್ಲಿ ಒರೆಸುತ್ತಿದ್ದಂತೆ ದೂರದರ್ಶಕಕ್ಕೆ ಕಣ್ಣಿಟ್ಟವಳು ಕೂಗಿದಳು: "ಇಲ್ಲಿ ನೋಡಿ, ವಸಿಷ್ಠರು ಇಬ್ಬರಿದ್ದಾರೆ!"

ನಿಜವೇ. ಆಮೇಲೆ ಅವಳು ಟೀಚರಾಗಿ ವಿವರಿಸಿದಳು. ದೂರದರ್ಶಕದಲ್ಲಿ ಎರಡಾಗಿ ಕಾಣುವ ವಸಿಷ್ಠನ ಪ್ರತಿಯೊಂದು ಚುಕ್ಕೆಯೂ ಮತ್ತೆ ಜೋಡಿಯೇ. 2009ರಲ್ಲಿ ಅರುಂಧತಿಯ ಪಕ್ಕದಲ್ಲೂ ಒಂದು ಪುಟ್ಟ ನಕ್ಷತ್ರ ಪತ್ತೆಯಾಯಿತು. ಒಟ್ಟು ಆರು ಮಂದಿ, ಸುಮಾರು ಎಂಬತ್ತು ಜ್ಯೋತಿರ್ವರ್ಷ ದೂರದಲ್ಲಿ.

"ಹಾಗಾದರೆ ಅದೂ ಕೂಡು ಕುಟುಂಬವೇ" ಎಂದರು ಅಮ್ಮ. ಕಣ್ಣಿನ ಪೊರೆ ತೆಗೆಸಿಕೊಂಡು ಆರು ತಿಂಗಳಾಗಿದ್ದ ಅವರಿಗೆ ನನಗಿಂತ ಮೊದಲೇ ಅರುಂಧತಿ ಕಂಡಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಸಣ್ಣದೇ? ನಮ್ಮ ಮದುವೆಯಲ್ಲಿ ನನಗೆ ಏನೂ ಕಂಡಿರಲಿಲ್ಲ. ನಿನ್ನ ಅಪ್ಪ ತಲೆಯಾಡಿಸಿದರೆಂದು ನಾನೂ ಆಡಿಸಿದ್ದೆ" ಎಂದರು.

ಜಗಲಿಯಲ್ಲಿ ಬೀಸಣಿಗೆ ಆಡಿಸುತ್ತಿದ್ದ ಅಪ್ಪನ ಕೈ ನಿಂತಿತು. "ನೀನಲ್ಲವೇ ಮೊದಲು ಆಡಿಸಿದ್ದು?"

ಮೂವತ್ತೈದು ವರ್ಷದ ವ್ಯಾಜ್ಯ ಇಲ್ಲಿಯೇ ಇತ್ಯರ್ಥವಾಗಲಿ ಎಂದು ಇವಳು, "ಮಾವ, ನೀವೂ ಬಂದು ನೋಡಿ" ಎಂದು ಕರೆದಳು. ಅಪ್ಪ ಎದ್ದು ಚಪ್ಪಲಿ ಹುಡುಕಿ, ಮೆಟ್ಟಿಲಿಳಿದು, ಬಾವಿಕಟ್ಟೆ ಬಳಸಿ ಬರುವಷ್ಟರಲ್ಲಿ ಕರೆಂಟು ಬಂತು. ಫ್ಲಡ್‌ಲೈಟ್ ಭಗ್ಗನೆ ಹತ್ತಿ ಹಿತ್ತಲೆಲ್ಲ ಹಗಲಾಯಿತು. ಆಕಾಶದಲ್ಲಿ ಒಂದು ಚುಕ್ಕೆಯೂ ಉಳಿಯಲಿಲ್ಲ. ಅಪ್ಪ ನಮ್ಮ ನಡುವೆ ಬಂದು ನಿಂತು, ಸೊಸೆ ಇನ್ನೂ ಎತ್ತಿಯೇ ಹಿಡಿದಿದ್ದ ಬೆರಳಿನ ನೇರಕ್ಕೆ ಕತ್ತೆತ್ತಿದರು.

"ಹ್ಞಾಂ, ಕಂಡಿತು ಕಂಡಿತು" ಎಂದು ತಲೆಯಾಡಿಸಿದರು.