ಆರು ಸಾವಿರ ಪೌಂಡ್ ಲೆಕ್ಕ ಬಿಡಿ, ಸಿನಿಮಾ ನೋಡಿ

ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಐಮ್ಯಾಕ್ಸ್ ಪರದೆ, ನೂರಾರು ಕೋಟಿ ಖರ್ಚು, ಮೊದಲ ದಿನದ ಟಿಕೆಟ್‌ಗಾಗಿ ಪರದಾಟ. ಅವರ ಮೊದಲ ಸಿನಿಮಾ ‘ಫಾಲೋಯಿಂಗ್’ ಬಗ್ಗೆ ಮಾತು ಬಂದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: “ಬರೀ ಆರು ಸಾವಿರ ಪೌಂಡ್‌ನಲ್ಲಿ ಮಾಡಿದ್ದಂತೆ!” ಅಲ್ಲಿಗೆ ಮಾತು ಮುಗಿಯಿತು. ಸಿನಿಮಾ ಮಾಡಬೇಕು ಅಂತ ಓಡಾಡುವ ಹುಡುಗರಿಗೂ ಹುರುಪು ತುಂಬಲು ಇದೇ ಅಂಕಿ ಹೇಳುತ್ತಾರೆ. ಇದು ನನಗೆ ಸರಿ ಅನ್ನಿಸುವುದಿಲ್ಲ. ಅಂಕಿ ತಪ್ಪು ಅಂತಲ್ಲ. ಅದರ ಹಿಂದಿನ ಕೆಲಸ ಯಾರ ಕಣ್ಣಿಗೂ ಬೀಳದ ಹಾಗೆ ಆಗಿದೆ, ಅದಕ್ಕೆ.

ನೋಡದವರಿಗಾಗಿ ಸ್ವಲ್ಪ ಕಥೆ ಹೇಳುತ್ತೇನೆ. ಕೊನೆಯ ಗುಟ್ಟು ಬಿಡುವುದಿಲ್ಲ, ಹೆದರಬೇಡಿ.

1998ರ ಸಿನಿಮಾ, ನಡೆಯುವುದು ಲಂಡನ್‌ನಲ್ಲಿ. ಕೆಲಸವಿಲ್ಲದ ಒಬ್ಬ ಯುವಕ. ಬರಹಗಾರ ಆಗುವ ಆಸೆ. ಪಾತ್ರಗಳು ಸಿಗಲಿ ಅಂತ ಬೀದಿಯಲ್ಲಿ ಹೋಗುವ ಗುರುತಿಲ್ಲದವರ ಹಿಂದೆ ಹೋಗಲು ಶುರು ಮಾಡುತ್ತಾನೆ. ಅವರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ, ಸುಮ್ನೆ ನೋಡುವುದು. ಅದೇ ಚಟವಾಗುತ್ತದೆ. ಕೈ ಮೀರಬಾರದು ಅಂತ ತನಗೆ ತಾನೇ ನಿಯಮ ಹಾಕಿಕೊಳ್ಳುತ್ತಾನೆ. ಒಬ್ಬರ ಹಿಂದೆ ಎರಡನೇ ಸಲ ಹೋಗಬಾರದು ಅನ್ನುವುದು ಅದರಲ್ಲಿ ಮುಖ್ಯವಾದದ್ದು. ಅದನ್ನೇ ಮುರಿಯುತ್ತಾನೆ. ಸೂಟು ಹಾಕಿ, ಕೈಯಲ್ಲಿ ಚೀಲ ಹಿಡಿದು ಓಡಾಡುವ ಒಬ್ಬನ ಬೆನ್ನು ಹತ್ತುತ್ತಾನೆ. ಅವನು ಒಂದು ದಿನ ಹೋಟೆಲಿನಲ್ಲಿ ಸೀದಾ ಇವನ ಟೇಬಲ್ಲಿಗೇ ಬಂದು ಕೂರುತ್ತಾನೆ. ಯಾಕೆ ನನ್ನ ಹಿಂದೆ ಬರ್ತಿದ್ದೀಯಾ ಅಂತ ಕೇಳುತ್ತಾನೆ. ಅವನೇ ಕಾಬ್. ಮನೆಗಳ್ಳ.

ಕಾಬ್‌ಗೆ ದುಡ್ಡಿಗಿಂತ ಜನರ ಬದುಕಿನೊಳಗೆ ಕೈ ಹಾಕುವುದರಲ್ಲೇ ಜಾಸ್ತಿ ಖುಷಿ. ಯುವಕನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಒಂದು ಮನೆಯಲ್ಲಿ ಅವನು ಹುಡುಕುವುದು ಒಡವೆ ಅಲ್ಲ, ಒಂದು ಪೆಟ್ಟಿಗೆ. ಎಲ್ಲರ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ ಅನ್ನುತ್ತಾನೆ. ಹಳೆಯ ಫೋಟೊ, ಕಾಗದ, ಯಾವುದೋ ಸಣ್ಣಪುಟ್ಟ ಸಾಮಾನು. ಬೇರೆಯವರಿಗೆ ಮೂರು ಕಾಸಿನ ಬೆಲೆ ಇಲ್ಲ. ಅದನ್ನು ಸುರಿದು ಹರಡುತ್ತಾನೆ. ಬಚ್ಚಿಟ್ಟಿದ್ದು ನಿಜ, ಆದರೆ ಯಾರಾದರೂ ನೋಡಲಿ ಅನ್ನುವ ಆಸೆಯೂ ಅದರೊಳಗೆ ಇದೆ ಅಂತ ವಿವರಿಸುತ್ತಾನೆ. ಇನ್ನೊಬ್ಬರ ಮನೆಯಿಂದ ತಂದ ಹೆಂಗಸಿನ ಒಳಉಡುಪನ್ನು ಈ ಮನೆಯವನ ಪ್ಯಾಂಟಿನ ಜೇಬಿಗೆ ತುರುಕುತ್ತಾನೆ. ಗಂಡು ಹೆಣ್ಣಿನ ನಡುವೆ ಅನುಮಾನ ಹುಟ್ಟಲಿ ಅಂತ, ಅಷ್ಟೇ.

ಈ ದೃಶ್ಯಕ್ಕೆ ಏನು ಬೇಕಾಯಿತು ಹೇಳಿ. ಒಂದು ಕೋಣೆ, ಇಬ್ಬರು ನಟರು, ಒಂದು ಪೆಟ್ಟಿಗೆ. ಗುಡುಗಿಲ್ಲ, ಕಿರುಚಾಟವಿಲ್ಲ, ರಕ್ತವಿಲ್ಲ. ಆದರೂ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಗುತ್ತದೆ. ನಮ್ಮ ಬೀರುವಿನ ಮೇಲಿನ ಹಳೆಯ ಟಿನ್ನು, ಅದರಲ್ಲಿರುವ ಕಾಗದಗಳು ನೆನಪಾಗುತ್ತವೆ. ಸೈಕಲಾಜಿಕಲ್ ಥ್ರಿಲ್ಲರ್ ಅಂದರೆ ನನ್ನ ಪ್ರಕಾರ ಇದು. ಭಯ ಪರದೆಯ ಮೇಲೆ ಇರುವುದಿಲ್ಲ, ನೋಡುವವರ ಮನೆಯಲ್ಲಿ ಇರುತ್ತದೆ.

ನೋಲನ್ ಅವರ ಸ್ವಂತ ಮನೆಗೇ ಒಮ್ಮೆ ಕಳ್ಳರು ನುಗ್ಗಿದ್ದರು. ಈ ಕಥೆಯ ಎಳೆ ಅಲ್ಲಿಂದ ಬಂದಿದ್ದು. ಅದಕ್ಕೇ ಆ ದೃಶ್ಯದಲ್ಲಿ ಅಷ್ಟು ಇರಿತ ಇದೆ ಅನ್ನಿಸುತ್ತದೆ.

ಈಗ ಆ ಆರು ಸಾವಿರ ಪೌಂಡ್‌ಗೆ ಬರೋಣ. ಅದರಲ್ಲಿ ಹೆಚ್ಚಿನದು ಹೋಗಿದ್ದು 16 ಎಂಎಂ ಫಿಲಂ ರೀಲು ಕೊಳ್ಳುವುದಕ್ಕೆ, ಲ್ಯಾಬಿನಲ್ಲಿ ತೊಳೆಸುವುದಕ್ಕೆ. ಇಂದಿನ ಹಾಗೆ ಮೆಮೊರಿ ಕಾರ್ಡ್ ಅಲ್ಲ, ಓಡಿದ ಒಂದೊಂದು ಅಡಿಗೂ ಕಾಸು. ಹಾಗಾಗಿ ಒಂದು ಅಥವಾ ಎರಡೇ ಟೇಕ್‌ನಲ್ಲಿ ಮುಗಿಸಬೇಕು. ಮುಗಿಸಬೇಕು ಅಂದರೆ ನಟರು ತಯಾರಿರಬೇಕು. ಅದಕ್ಕೆ ನಾಟಕ ಕಲಿಸುವ ಹಾಗೆ ತಿಂಗಳುಗಟ್ಟಲೆ ರಿಹರ್ಸಲ್ ಮಾಡಿಸಿದರು. ತಂಡದಲ್ಲಿ ಇದ್ದವರು ಹೆಚ್ಚಾಗಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಗೆಳೆಯರು. ವಾರವೆಲ್ಲ ಎಲ್ಲರಿಗೂ ಬೇರೆ ಕೆಲಸ. ಶನಿವಾರ ಮಾತ್ರ ಶೂಟಿಂಗ್. ಒಂದು ಶನಿವಾರಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷದಷ್ಟು ಫಿಲಂ ಓಡಿಸುತ್ತಿದ್ದರು. ಹೀಗೆ ಸುಮಾರು ಒಂದು ವರ್ಷ. ಕ್ಯಾಮೆರಾ ಹಿಡಿದಿದ್ದೂ ನೋಲನ್ ಅವರೇ. ನಾಯಕ ಜೆರೆಮಿ ಥಿಯೊಬಾಲ್ಡ್ ನಿರ್ಮಾಪಕರಲ್ಲೂ ಒಬ್ಬರು. ಪೊಲೀಸ್ ಪಾತ್ರ ಮಾಡಿದ್ದು ನೋಲನ್ ಅವರ ಚಿಕ್ಕಪ್ಪ ಜಾನ್ ನೋಲನ್.

ಕಪ್ಪು-ಬಿಳುಪು ಯಾಕೆ ಅಂದರೆ, ಬಣ್ಣದಲ್ಲಿ ತೆಗೆದರೆ ಲೈಟಿಂಗ್ ಖರ್ಚು ತಡೆಯುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಕಿಟಕಿಯಿಂದ ಬರುವ ಬೆಳಕೇ ಸಾಕು. ಅರ್ಧ ಮುಖ ಕತ್ತಲಲ್ಲಿ ಹೋದರೆ ಕಥೆಗೆ ಇನ್ನೂ ಚೆನ್ನ. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಾಡುತ್ತದೆ. ಆದರೆ ಕಥೆಯೇ ಯಾರನ್ನೋ ಹಿಂಬಾಲಿಸುವುದರ ಬಗ್ಗೆ ಅಲ್ವಾ? ಅಲುಗಾಟ ಕೊರತೆ ಅನ್ನಿಸುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಕೆಲಸ ಇದೆ. ಈ ಸಿನಿಮಾ ಕಾಲವನ್ನು ಹಿಂದೆ ಮುಂದೆ ಮಾಡಿ ಕಥೆ ಹೇಳುತ್ತದೆ. ‘ಎರಡು ವಾರಗಳ ಹಿಂದೆ’ ಅಂತ ಅಕ್ಷರ ಹಾಕುವುದಿಲ್ಲ. ನಾಯಕನ ಮುಖ ನೋಡಿ ನಾವೇ ತಿಳಿದುಕೊಳ್ಳಬೇಕು. ಉದ್ದ ಕೂದಲು, ಮಾಸಿದ ಬಟ್ಟೆ ಇದ್ದರೆ ಮೊದಲಿನದು. ಕೂದಲು ಕತ್ತರಿಸಿ ಸೂಟು ಹಾಕಿದ್ದರೆ ಆಮೇಲಿನದು. ಮುಖ ಊದಿ ಗಾಯವಾಗಿದ್ದರೆ ಇನ್ನೂ ಆಮೇಲಿನದು. ಇಡೀ ಚಿತ್ರಕಥೆಯ ಗೊಂದಲ ಬಿಡಿಸಲು ಒಂದು ಕ್ಷೌರ, ಒಂದು ಸೂಟು, ಸ್ವಲ್ಪ ಮೇಕಪ್ ಸಾಕಾಯಿತು. ಅಷ್ಟೇ ಅಲ್ಲ, ಆ ಯುವಕ ನಿಧಾನವಾಗಿ ಕಾಬ್‌ನ ಥರವೇ ಆಗುತ್ತಿದ್ದಾನೆ ಅನ್ನುವುದನ್ನೂ ಆ ಸೂಟೇ ಹೇಳುತ್ತದೆ.

ಯುವಕನ ಮನೆ ಬಾಗಿಲಿನ ಮೇಲೆ ಬ್ಯಾಟ್‌ಮ್ಯಾನ್ ಚಿಹ್ನೆ ಇದೆ. ಮುಂದೆ ನೋಲನ್ ಬ್ಯಾಟ್‌ಮ್ಯಾನ್ ಸಿನಿಮಾಗಳನ್ನೇ ಮಾಡಿದರಲ್ಲ, ಅದಕ್ಕೆ ಆ ಫೋಟೊ ಎಲ್ಲರೂ ಹಂಚುತ್ತಾರೆ. ಇರಲಿ.

ಒಂದು ಮಾತು ಖಾರವಾಗಿಯೇ ಹೇಳಬೇಕು. ಆ ಆರು ಸಾವಿರದಲ್ಲಿ ಗೆಳೆಯರ ದುಡಿಮೆಯ ಬೆಲೆ ಸೇರಿಲ್ಲ. ವರ್ಷದ ಶನಿವಾರಗಳನ್ನೆಲ್ಲ ಕೊಟ್ಟವರಿಗೆ ಕೂಲಿ ಲೆಕ್ಕ ಹಾಕಿದರೆ ಅಂಕಿ ಎಲ್ಲಿಗೋ ಹೋಗುತ್ತದೆ. ಅವರು ಒಪ್ಪಿ ಬಂದ ಗೆಳೆಯರು. ಸೋಮವಾರ ಹೋಗಲು ಕೆಲಸ ಇತ್ತು, ತಿಂಗಳ ಕೊನೆಗೆ ಸಂಬಳ ಇತ್ತು. ಈ ಕಥೆಯನ್ನೇ ಹೇಳಿ ನಮ್ಮಲ್ಲಿ ಲೈಟ್ ಹುಡುಗರಿಗೆ, ಸಹಾಯಕ ನಿರ್ದೇಶಕರಿಗೆ “ಹೊಸಬರ ಸಿನಿಮಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂತ ಬಿಟ್ಟಿ ದುಡಿಸುವುದು ಬೇರೆಯದೇ ವಿಷಯ. ದಿನಗೂಲಿಯಲ್ಲಿ ಮನೆ ನಡೆಸುವವರ ಹೊಟ್ಟೆ ಮೇಲೆ ಹೊಡೆದು ಉಳಿಸಿದ ಹಣಕ್ಕೆ ಕಡಿಮೆ ಬಜೆಟ್ ಅನ್ನುವ ಹೆಸರು ಕೊಡಬಾರದು.

‘ಹೊಸಬರನ್ನು ಪ್ರೋತ್ಸಾಹಿಸಿ’ ಅನ್ನುವ ಮಾತೂ ಅಷ್ಟೇ. ಬಿಡುಗಡೆ ಹತ್ತಿರ ಬಂದಾಗ ಹೊಸ ತಂಡಗಳು ಕೈ ಮುಗಿದು ಕೇಳುತ್ತವೆ. ಅವರ ಸಂಕಟ ಅರ್ಥವಾಗುತ್ತದೆ. ಥಿಯೇಟರ್ ಸಿಗಲ್ಲ, ಸಿಕ್ಕ ಶೋ ಮಧ್ಯಾಹ್ನದ್ದು. ಆದರೆ ಒಳಗೆ ಹೋಗಿ ಕೂತರೆ ಎಷ್ಟೋ ಸಲ ಕಾಣುವುದು ಏನು? ಮಲೆನಾಡಿನ ಒಂದು ಹೋಮ್‌ಸ್ಟೇ, ಹತ್ತು ನಿಮಿಷಕ್ಕೊಂದು ಡ್ರೋನ್ ಶಾಟ್, ಕಿವಿ ಹರಿಯುವ ಹಿನ್ನೆಲೆ ಸಂಗೀತ, ಕೊನೆಯಲ್ಲಿ “ಅವನಿಗೆ ಮಾನಸಿಕ ಕಾಯಿಲೆ ಇತ್ತು” ಅಂತ ಡಾಕ್ಟರ್ ಬಂದು ಹೇಳುವುದು. ದೊಡ್ಡ ಸಿನಿಮಾದ ವೇಷವನ್ನು ಸಣ್ಣ ದುಡ್ಡಿನಲ್ಲಿ ಹೊಲಿಸಲು ಹೋದರೆ ಹೀಗೇ ಆಗುವುದು. ಕೈಯಲ್ಲಿ ಏನಿದೆ ಅಂತ ನೋಡಿ ಕಥೆ ಬರೆದಿರುವುದಿಲ್ಲ. ರಿಹರ್ಸಲ್‌ಗೆ ದಿನ ಕೊಟ್ಟಿರುವುದಿಲ್ಲ.

ಸಣ್ಣ ದುಡ್ಡಿನಲ್ಲಿ ಒಳ್ಳೆಯ ಸಿನಿಮಾ ಆಗಲ್ಲ ಅಂತೇನೂ ಇಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲೇ ಮಾಡಿ ತೋರಿಸಿತು. ನೂರಕ್ಕೂ ಹೆಚ್ಚು ಜನ ಹಣ ಹಾಕಿ ಆದ ಸಿನಿಮಾ. ಜನರಿಂದ ದುಡ್ಡು ಎತ್ತಿದ್ದೇ ದೊಡ್ಡ ಸುದ್ದಿಯಾಯಿತು. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನ ಬದುಕು ಬಣ್ಣದಲ್ಲಿ, ಸಿನಿಮಾ ತಾರೆಯ ಬದುಕು ಕಪ್ಪು-ಬಿಳುಪಿನಲ್ಲಿ. ಆ ಯೋಚನೆಗೆ ಎಷ್ಟು ಖರ್ಚಾಗುತ್ತದೆ? ಅದರ ಬಗ್ಗೆ ನಾವು ಸಾಕಷ್ಟು ಮಾತಾಡಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಜೇಮ್ಸ್ ವಾರ್ಡ್ ಬರ್ಕಿಟ್ ‘ಕೊಹೆರೆನ್ಸ್’ ಅನ್ನುವ ಸಿನಿಮಾ ಮಾಡಿದರು. ಸ್ವಂತ ಮನೆ, ಐದು ರಾತ್ರಿ, ಸುಮಾರು 50 ಸಾವಿರ ಡಾಲರ್. ನಟರಿಗೆ ಪೂರ್ತಿ ಸಂಭಾಷಣೆ ಕೊಡದೆ, ಆಯಾ ದಿನ ಅವರವರ ಪಾತ್ರಕ್ಕೆ ಬೇಕಾದಷ್ಟು ಮಾತ್ರ ಚೀಟಿಯಲ್ಲಿ ಬರೆದುಕೊಟ್ಟರು. ಊಟಕ್ಕೆ ಕೂತ ಎಂಟು ಗೆಳೆಯರ ಮುಖದಲ್ಲಿ ಕಾಣುವ ಗಾಬರಿ ಅಷ್ಟು ನಿಜ ಅನ್ನಿಸುವುದು ಅದಕ್ಕೆ. ಐದು ರಾತ್ರಿ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ಕಥೆಯ ಒಂದೊಂದು ತಿರುವನ್ನೂ ಕೂತು ಲೆಕ್ಕ ಹಾಕಿದ ದೊಡ್ಡ ತಯಾರಿ ಇತ್ತು.

ಬಜೆಟ್ ಸಣ್ಣದು ಅಂತ ಯಾವ ಸಿನಿಮಾಗೂ ರಿಯಾಯಿತಿ ಬೇಡ ಅಂದ ಮೇಲೆ ‘ಫಾಲೋಯಿಂಗ್’ಗೂ ಕೊಡಬಾರದು. ಅದರಲ್ಲಿ ಲೂಸಿ ರಸೆಲ್ ಮಾಡಿದ ಹೆಣ್ಣಿನ ಪಾತ್ರ ತುಂಬಾ ತೆಳು. ಹೆಸರೂ ಇಲ್ಲ, ಹೊಂಬಣ್ಣದ ಕೂದಲಿನವಳು ಅಷ್ಟೇ. ಯುವಕನಿಗೂ ಹೆಸರಿಲ್ಲ, ಸರಿ. ಆದರೆ ಅವನ ಆಸೆ, ಒಂಟಿತನ, ದಡ್ಡತನ ಎಲ್ಲ ನಮಗೆ ಸಿಗುತ್ತದೆ. ಅವಳು ಗಂಡಸರ ಆಟದಲ್ಲಿ ಒಂದು ಕಾಯಿಯಾಗಿಯೇ ಉಳಿದುಬಿಡುತ್ತಾಳೆ. ನಟಿ ಚೆನ್ನಾಗಿ ಮಾಡಿದ್ದಾರೆ, ಬರವಣಿಗೆಯಲ್ಲಿ ಅವಳಿಗೆ ಜಾಗ ಕೊಟ್ಟಿಲ್ಲ. ಇನ್ನೆರಡು ದೃಶ್ಯ ಅವಳ ಕಡೆಯಿಂದ ಬರೆದಿದ್ದರೆ ಕೊನೆಯ ಹೊಡೆತ ಇನ್ನೂ ಜೋರಾಗಿ ಬೀಳುತ್ತಿತ್ತು. ಫಿಲಂ ಇಲ್ಲ, ಲೈಟ್ ಇಲ್ಲ ಅನ್ನುವ ಕಾರಣ ಇದಕ್ಕೆ ಒಪ್ಪುವುದಿಲ್ಲ.

ಎಪ್ಪತ್ತು ನಿಮಿಷದ ಸಿನಿಮಾ. ಫೋನ್ ಪಕ್ಕಕ್ಕಿಟ್ಟು ಒಂದೇ ಬಾರಿಗೆ ನೋಡಿ, ಕೂದಲಿನ ಮೇಲೆ ಕಣ್ಣಿಡಿ. ನೋಡಿದವರು ಆ ಹೆಣ್ಣಿನ ಪಾತ್ರದ ಬಗ್ಗೆ ನಿಮಗೇನು ಅನ್ನಿಸಿತು ಅಂತ ಕೆಳಗೆ ಬರೆಯಿರಿ. ಕೊನೆ ಏನಾಗುತ್ತದೆ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.